ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿಕೊಳ್ಳಿ

ಮಾರ್ಚ್ 3, ಸೋಮವಾರ

ರಕ್ತದೊತ್ತಡ ನೋಡಿದ ಡಾಕ್ಟರು, ಸಿಟ್ಟು ಬಂದಾಗ ಬಾಯಿ ಬಿಡುವ ಬದಲು ಪುಸ್ತಕದಲ್ಲಿ ಬರೆಯಿರಿ ಎಂದಿದ್ದಾರೆ. ಅದನ್ನು ಮನೆಗೆ ಬಂದು ಹೇಳಿ ಮುಗಿಸುವಷ್ಟರಲ್ಲಿ ಹೆಂಡತಿ ದಪ್ಪನೆಯದೊಂದು ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದಳು. ನನ್ನ ಬಾಯಿ ಮುಚ್ಚಿಸಲು ಇಷ್ಟು ದಿನ ಒಂದು ವೈದ್ಯಕೀಯ ಕಾರಣಕ್ಕೆ ಕಾಯುತ್ತಿದ್ದಳೆಂದು ಕಾಣುತ್ತದೆ. ಇರಲಿ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಸತ್ಯವನ್ನೇ ಬರೆಯುತ್ತೇನೆ. ನನ್ನ ಕೆಲಸದಲ್ಲಿ ತಪ್ಪಿಲ್ಲ. ಜನರಲ್ಲಿ ತಪ್ಪಿದೆ.

ನಮ್ಮ ಕಂಪನಿ ನಗರ ಬಸ್ ಸಂಸ್ಥೆಗೆ ಒಂದು ಜಾಲತಾಣ ಮಾಡಿಕೊಟ್ಟಿದೆ. ಬಸ್ಸು ಓಡಿಸುವವರೆಲ್ಲ ತಮ್ಮ ವೈದ್ಯಕೀಯ ಪ್ರಮಾಣಪತ್ರದ ಫೋಟೊ ತೆಗೆದು ಈ ತಿಂಗಳೊಳಗೆ ಅದರಲ್ಲಿ ಹಾಕಬೇಕು. ಹಾಕದವರು ಮತ್ತೆ ಸ್ಟಿಯರಿಂಗ್ ಮುಟ್ಟುವಂತಿಲ್ಲ, ಖಾಯಂ ಆಗಿ ಬೇರೆ ಕೆಲಸಕ್ಕೆ ವರ್ಗ. ಆ ಜಾಲತಾಣದಲ್ಲಿ ಫೈಲು ಅಪ್‌ಲೋಡ್ ಮಾಡುವ ಚೌಕವೊಂದಿದೆಯಲ್ಲ, ಅದು ನನ್ನ ಕೂಸು. ಫೋಟೊ ಆರಿಸಿ ಗುಂಡಿ ಒತ್ತಿದರೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ಮೆಲ್ಲಗೆ ತುಂಬುತ್ತದೆ. ಪಟ್ಟಿಗೂ ಫೈಲಿಗೂ ನಿಜವಾಗಿ ಯಾವ ಸಂಬಂಧವೂ ಇಲ್ಲ. ಫೈಲು ಎಲ್ಲಿಯೇ ಸಿಕ್ಕಿಕೊಂಡಿರಲಿ, ಪಟ್ಟಿ ತನ್ನ ಪಾಡಿಗೆ ತಾನು ತುಂಬುತ್ತದೆ. ಕಾಯುವವರಿಗೆ ಸಮಾಧಾನವಿರಲಿ ಎಂದು ನಾನೇ ಹಾಗೆ ಮಾಡಿದ್ದು. ಅದಕ್ಕೆ ಹೋದ ವರ್ಷ ಕಂಪನಿ ನನಗೊಂದು ಗಾಜಿನ ಫಲಕ ಕೊಟ್ಟಿತು.

ಈಗ ದೂರುಗಳು ಬರುತ್ತಿವೆ. ಎಲ್ಲರದ್ದೂ ಒಂದೇ ರಾಗ: ಪಟ್ಟಿ ತುಂಬುತ್ತದೆ, ಆಮೇಲೆ ಕೆಂಪಗಾಗುತ್ತದೆ, ‘ಕ್ಷಮಿಸಿ, ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿಕೊಳ್ಳಿ’ ಎಂದು ಬರುತ್ತದೆ. ಬಂದಿದೆಯಲ್ಲ, ಪರೀಕ್ಷಿಸಿಕೊಳ್ಳಬೇಕಷ್ಟೆ. ಕನ್ನಡ ಓದಲು ಬರುವವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ನಮ್ಮ ಮ್ಯಾನೇಜರನ್ನು ಆಫೀಸಿನಲ್ಲಿ ಎಲ್ಲರೂ ‘ನೋಡೋಣ’ ಎಂದೇ ಕರೆಯುವುದು, ಬೆನ್ನ ಹಿಂದೆ. ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಎಂದರೂ ನೋಡೋಣ ಎನ್ನುತ್ತಾರೆ, ನೋಡುವುದಿಲ್ಲ. ಇವತ್ತಿನ ಸಭೆಯಲ್ಲಿ ನಾನೊಂದು ಸಲಹೆ ಕೊಟ್ಟೆ: ದೂರಿನಲ್ಲಿ ‘ನೆಟ್‌ವರ್ಕ್’ ಎಂಬ ಪದ ಕಂಡರೆ ಯಂತ್ರವೇ ಆ ದೂರನ್ನು ಮುಚ್ಚಿಬಿಡಲಿ. ಅವರು ಮೊದಲ ಬಾರಿಗೆ ‘ಮಾಡೋಣ’ ಎಂದರು. ಮಧ್ಯಾಹ್ನದ ಹೊತ್ತಿಗೆ ದೂರುಗಳೆಲ್ಲ ಗುಡಿಸಿಟ್ಟ ಹಾಗೆ ಮಾಯ. ಸಮಸ್ಯೆ ಬಗೆಹರಿಸುವುದೆಂದರೆ ಇದು.

ಮಾರ್ಚ್ 6, ಗುರುವಾರ

ಅಕ್ಕ ಬಂದಿಳಿದಿದ್ದಾಳೆ. ಯಾರು ಕರೆದರೋ ತಿಳಿಯದು, ಹೆಂಡತಿಯೇ ಇರಬೇಕು.

ಅಕ್ಕ ಬಸ್ ಡ್ರೈವರ್. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಆಯುಷ್ಯವೆಲ್ಲ ಬಸ್ಸಿನಲ್ಲೇ ಕಳೆದವಳು. ಎರಡೂ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿತ್ತು. ಈಗ ಎದುರುಮನೆಯ ಮಹಡಿಯಲ್ಲಿ ಯಾರು ಹಲ್ಲುಜ್ಜುತ್ತಿದ್ದಾರೆ, ಯಾರು ಉಜ್ಜದೆ ನಿಂತಿದ್ದಾರೆ ಎಂದು ನಮ್ಮ ಕಿಟಕಿಯಿಂದಲೇ ಹೇಳುತ್ತಾಳೆ. ಕಣ್ಣಾಸ್ಪತ್ರೆ ನಮ್ಮ ಮನೆಗೆ ಹತ್ತಿರ. ಕೊನೆಯ ತಪಾಸಣೆ ಮುಗಿದು ಪ್ರಮಾಣಪತ್ರ ಸಿಕ್ಕಿ, ಸಂಸ್ಥೆ ಅದನ್ನು ಒಪ್ಪಿಕೊಳ್ಳುವವರೆಗೆ ಇಲ್ಲೇ ಇರುತ್ತಾಳಂತೆ.

ಅಲ್ಲಿಯವರೆಗೆ ಡಿಪೋದವರು ಅವಳನ್ನು ಬಸ್ಸಿನಲ್ಲಿ ಜನ ಬಿಟ್ಟುಹೋದ ವಸ್ತುಗಳ ಕೋಣೆಯಲ್ಲಿ ಕೂರಿಸಿದ್ದಾರೆ. ಕೊಡೆ, ಟಿಫನ್ ಡಬ್ಬಿ, ಒಂಟಿ ಚಪ್ಪಲಿ, ಒಂದು ಜೊತೆ ಹಲ್ಲಿನ ಸೆಟ್ಟು. “ಮರೆತುಹೋದ ಸಾಮಾನಿನ ಜೊತೆ ನನ್ನೂ ಇಟ್ಟಿದಾರೆ ಕಣೋ” ಎಂದಳು. ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಅಕ್ಕನ ಬಾಯಿ ದೊಡ್ಡದು. ದಿನವಿಡೀ ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ನನ್ನ ಓದುವ ಕೋಣೆಯೇ ಈಗ ಅವಳ ಕೋಣೆ. ನಾನು ಊಟದ ಮೇಜಿನ ಮೂಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಮಾರ್ಚ್ 10, ಸೋಮವಾರ

ಪ್ರಮಾಣಪತ್ರ ಬಂತು. ದೃಷ್ಟಿ ಉತ್ತಮ, ವಾಹನ ಚಾಲನೆಗೆ ಅಡ್ಡಿಯಿಲ್ಲ, ಕೆಳಗೆ ಸಹಿ, ಮೊಹರು. ಅಕ್ಕ ಅದನ್ನು ಮಗು ಹೊತ್ತ ಹಾಗೆ ಎರಡೂ ಕೈಯಲ್ಲಿ ಹಿಡಿದು ತಂದಳು. ಫೋಟೊ ತೆಗೆದು ಅಪ್‌ಲೋಡ್ ಮಾಡಿದಳು. ಕೆಂಪು.

ಇಲ್ಲಿಂದ ಶುರುವಾಯಿತು ನೋಡಿ. ನನ್ನದೇ ಚೌಕದ ಬಗ್ಗೆ ನನ್ನದೇ ಮನೆಯಲ್ಲಿ ದೂರು. ನಾನು ತಾಳ್ಮೆಯಿಂದಲೇ ವಿವರಿಸಿದೆ: ಸಮಸ್ಯೆ ನೆಟ್‌ವರ್ಕಿನದು, ಪರದೆಯ ಮೇಲೆ ಬರೆದಿದೆ, ಓದು. ಅವಳು ಓದಿದಳು. ಓದಿ ಮಹಡಿ ಮೇಲೆ ಹೋದಳು. ಅಲ್ಲೂ ಕೆಂಪು ಬಂದಾಗ ನೀರಿನ ಟ್ಯಾಂಕಿನ ಮೇಲೆ ಹತ್ತಿದಳು. ಹೆಂಡತಿ ಕೆಳಗೆ ಏಣಿ ಹಿಡಿದು ನಿಂತಿದ್ದಳು. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಐವತ್ತು ದಾಟಿದ ಹೆಂಗಸು ಟ್ಯಾಂಕಿನ ಮೇಲೆ ನಿಂತು ಫೋನನ್ನು ಆಕಾಶಕ್ಕೆ ತೋರಿಸುವುದೆಂದರೆ ನನ್ನ ಮರ್ಯಾದೆಯ ಗತಿ ಏನು?

ಇಳಿದು ಬಂದವಳೇ ಜಾಲತಾಣದಲ್ಲಿ ದೂರು ಬರೆದಳು. ‘ನೆಟ್‌ವರ್ಕ್ ಚೆನ್ನಾಗಿಯೇ ಇದೆ, ಆದರೂ ಹೋಗುತ್ತಿಲ್ಲ’ ಎಂದು. ಬೆರಳು ತೆಗೆಯುವ ಮುನ್ನವೇ ‘ನಿಮ್ಮ ಸಮಸ್ಯೆ ಬಗೆಹರಿದಿದೆ’ ಎಂದು ಉತ್ತರ ಬಂತು. ಎಷ್ಟು ಚುರುಕಾಗಿ ಕೆಲಸ ಮಾಡುತ್ತಿದೆ ನಮ್ಮ ವ್ಯವಸ್ಥೆ ಎಂದು ನನಗೆ ಹೆಮ್ಮೆಯಾಯಿತು. ಅಕ್ಕ ಮಾತ್ರ ಫೋನನ್ನೂ ನನ್ನನ್ನೂ ಒಂದೇ ಥರ ನೋಡಿದಳು.

ಮಾರ್ಚ್ 11, ಮಂಗಳವಾರ

ಇಬ್ಬರು ಹೆಂಗಸರ ಕಾಟ ತಾಳಲಾರದೆ, ನಾನೇ ಹಾಕಿಕೊಡುತ್ತೇನೆ ಎಂದೆ. ನನ್ನ ಹೊಸ ಫೋನಿನಲ್ಲಿ ಒಳ್ಳೆಯ ಬೆಳಕಿನಲ್ಲಿ, ಮೊಹರಿನ ಒಂದೊಂದು ಅಕ್ಷರವೂ ಕಾಣುವ ಹಾಗೆ ಫೋಟೊ ತೆಗೆದೆ. ಗುಂಡಿ ಒತ್ತಿದೆ. ನೀಲಿ ಪಟ್ಟಿ ಸೊಗಸಾಗಿ ತುಂಬಿತು. ಕೆಂಪು.

ನಮ್ಮ ಮನೆಯ ನೆಟ್‌ವರ್ಕ್ ಸರಿಯಿಲ್ಲ. ಅದರ ಕಂಪನಿಗೆ ದೂರು ಕೊಟ್ಟೆ. ಅವರು ದೂರನ್ನು ಮುಚ್ಚಿದರು. ಎಂಥ ಬೇಜವಾಬ್ದಾರಿ ಜನ.

ಮಾರ್ಚ್ 13, ಗುರುವಾರ

ಆಫೀಸಿನಲ್ಲಿ ನನ್ನ ಕಂಪ್ಯೂಟರಿನಲ್ಲಿ ಅದೇ ಫೋಟೊ ಹಾಕಿ ನೋಡಿದೆ. ಹಸಿರು ಗುರುತು ಬಂತು. ಹೊರಗಿನ ಜಾಲತಾಣದಲ್ಲಿ ಹಾಕಿದರೆ ಕೆಂಪು. ನನ್ನ ಯಂತ್ರದಲ್ಲಿ ಸರಿಯಾಗಿದೆ ಎಂದ ಮೇಲೆ ನನ್ನ ಜವಾಬ್ದಾರಿ ಮುಗಿಯಿತು. ಮನೆಗೆ ಹೋಗಿ ಅಕ್ಕನಿಗೆ ಹಾಗೆ ಹೇಳಲು ಮಾತ್ರ ಧೈರ್ಯ ಸಾಲದೆ ಪರೀಕ್ಷಕಿಯ ಹತ್ತಿರ ಹೋದೆ.

ಪರೀಕ್ಷಕಿ ಎಂದರೆ ನಾವು ಮಾಡಿದ್ದನ್ನೆಲ್ಲ ಹೊರಗೆ ಬಿಡುವ ಮುನ್ನ ಪರೀಕ್ಷಿಸುವ ಹುಡುಗಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಅಪ್‌ಲೋಡ್ ಪರೀಕ್ಷೆ ಪ್ರತಿ ವಾರವೂ ಮಾಡಿದ್ದೇನೆ ಸರ್, ಒಮ್ಮೆಯೂ ತಪ್ಪಿಲ್ಲ ಎಂದು ತೋರಿಸಿದಳು. ಡ್ರೈವರಮ್ಮ ಒಬ್ಬರ ಪ್ರಮಾಣಪತ್ರ ಹೋಗುತ್ತಿಲ್ಲವಲ್ಲ, ನೀನು ಯಾವ ಫೈಲು ಹಾಕುತ್ತೀಯಮ್ಮ ಎಂದು ಕೇಳಿದೆ. ಒಂದು ಗುಲಾಬಿ ಹೂವಿನ ಚಿತ್ರ. ಅಂಚೆಚೀಟಿಯಷ್ಟಿದೆ. ಅವಳಿಗಿಂತ ಮುಂಚೆ ಇದ್ದವರು ಇಟ್ಟುಹೋದದ್ದಂತೆ, ಇದನ್ನೇ ಹಾಕಬೇಕು ಎಂದು ನಿಯಮವಂತೆ. ನಮ್ಮ ಜಾಲತಾಣ ಹುಟ್ಟಿದಂದಿನಿಂದ ಇಲ್ಲಿಯವರೆಗೆ ಒಂದೇ ಒಂದು ಗುಲಾಬಿಯನ್ನು ಯಶಸ್ವಿಯಾಗಿ ಸ್ವೀಕರಿಸುತ್ತ ಬಂದಿದೆ. ಬಸ್ ಡ್ರೈವರುಗಳು ಗುಲಾಬಿ ಕಳಿಸಿದರೆ ಯಾವ ತೊಂದರೆಯೂ ಇಲ್ಲ.

ಅಲ್ಲಿಂದ ಸರ್ವರ್ ನೋಡಿಕೊಳ್ಳುವವರ ಕೋಣೆಗೆ ಹೋದೆ. ಅಲ್ಲಿನ ಮುಖ್ಯಸ್ಥರಿಗೆ ‘ನಮ್ದಲ್ಲ’ ಎಂದು ಅಡ್ಡಹೆಸರು. ನಾನು ಬಾಗಿಲು ತೆರೆದು ಒಳಗೆ ಕಾಲಿಡುವ ಮೊದಲೇ ಅದನ್ನು ಅಂದರು.

ಮಾರ್ಚ್ 16, ಭಾನುವಾರ

ರಜದ ದಿನ ಬೆಳಗ್ಗೆಯೇ ಅಕ್ಕ ನನ್ನನ್ನು ಎಬ್ಬಿಸಿ ಡಿಪೋಗೆ ಎಳೆದೊಯ್ದಳು. ಅಲ್ಲಿ ಅಪ್‌ಲೋಡ್ ಮಾಡುವ ಒಂದು ಫೋನಿದೆಯಂತೆ.

ನಾನು ಹೋಗಿ ನೋಡಿದ್ದು ಒಂದು ಮೆರವಣಿಗೆ. ಬಸ್ಸು ತೊಳೆಯುವ ಜಾಗದ ಪಕ್ಕ ಡ್ರೈವರುಗಳು ಸಾಲಾಗಿ ನಿಂತಿದ್ದಾರೆ. ಸಾಲಿನ ತುದಿಯಲ್ಲಿ ರಾತ್ರಿ ಪಾಳಿಯ ಮುದಿ ಮೆಕ್ಯಾನಿಕ್ ಒಬ್ಬರು ಗಾಜು ಒಡೆದು ಬಲೆಯಾದ ಪುರಾತನ ಫೋನೊಂದನ್ನು ಹಿಡಿದು ಕೂತಿದ್ದಾರೆ. ಒಬ್ಬೊಬ್ಬರೂ ಪ್ರಮಾಣಪತ್ರ ಮುಂದಿಡುತ್ತಾರೆ, ಅವರು ಫೋಟೊ ತೆಗೆಯುತ್ತಾರೆ, ಗುಂಡಿ ಒತ್ತುತ್ತಾರೆ, ಹಸಿರು. ಎಲ್ಲರೂ ಕೈ ಮುಗಿಯುವುದೊಂದು ಬಾಕಿ. ನನ್ನ ಫೋನಿನ ಬೆಲೆಗೆ ಅಂಥ ಫೋನು ಒಂದು ಗಾಡಿ ತುಂಬ ಬರುತ್ತವೆ, ನನ್ನದಕ್ಕೆ ಆಗದ್ದು ಅದಕ್ಕೆ ಆಗುತ್ತಿದೆ. ಅದರ ಕಂಪನಿಯೇ ಮುಚ್ಚಿಹೋಗಿ ವರ್ಷಗಳಾದವು.

ಹಾಗಾದರೆ ಎಲ್ಲರ ಕೆಲಸವೂ ಆಯಿತಲ್ಲ ಎಂದೆ. ಅಕ್ಕ ಗೋಡೆಗಂಟಿಸಿದ ಪ್ರಕಟಣೆ ತೋರಿಸಿದಳು. ಹಸಿರು ಬಂದವರನ್ನೆಲ್ಲ ಸಂಸ್ಥೆಯ ವೈದ್ಯಾಧಿಕಾರಿಗಳು ತಿರಸ್ಕರಿಸಿದ್ದಾರೆ. ಕಾರಣ: ಫೋಟೊ ಮಸುಕು, ಅಕ್ಷರ ಓದಲಾಗುತ್ತಿಲ್ಲ. ಆದರೂ ಸಾಲು ನಿಂತಿದೆ. ಏನೂ ಹೋಗದಿರುವುದಕ್ಕಿಂತ ಏನೋ ಒಂದು ಹೋಗಿ ವಾಪಸಾಗುವುದು ಮೇಲಲ್ಲವೇ ಎಂದರು ಸಾಲಿನಲ್ಲಿದ್ದ ಒಬ್ಬರು.

ಅಂದರೆ ಸ್ಪಷ್ಟವಾಗಿದ್ದದ್ದು ಹೋಗುವುದಿಲ್ಲ, ಹೋದದ್ದು ಸ್ಪಷ್ಟವಾಗಿರುವುದಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಿದ್ದೆ. ಒಳ್ಳೆಯ ಫೋನಿನ ಫೋಟೊ ಭಾರ, ಹಳೆಯ ಫೋನಿನ ಫೋಟೊ ಹಗುರ. ಗುಲಾಬಿಯೂ ಹಗುರ. ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು. ಅಕ್ಕ ಬೈದಳು. ಡಿಪೋದವರ ಮುಂದೆ ನನ್ನನ್ನು “ಇದನ್ನ ಮಾಡಿದವನು ಇವನೇ, ನನ್ನ ತಮ್ಮ” ಎಂದು ಪರಿಚಯಿಸಿದ್ದು ಬೇಕಿರಲಿಲ್ಲ. ಬೈಯುವ ಬದಲು ಎಲ್ಲರೂ ಸೇರಿ ಟೀ ಕೊಟ್ಟರು. ಅದೇ ಕಿರಿಕಿರಿ.

ಮಾರ್ಚ್ 17, ಸೋಮವಾರ

ಸಿಕ್ಕಿತು.

ನನ್ನ ಚೌಕದ ಮೇಲೆ ‘ಐದು ಎಂಬಿವರೆಗಿನ ಫೈಲು ಹಾಕಬಹುದು’ ಎಂದು ದಪ್ಪ ಅಕ್ಷರದಲ್ಲಿದೆ. ಆದರೆ ಅಲ್ಲಿಂದ ಹೊರಟ ಫೈಲು ಸರ್ವರಿನ ಹೆಬ್ಬಾಗಿಲು ದಾಟಬೇಕು. ಆ ಬಾಗಿಲು ಒಂದು ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಬಿಡುವುದಿಲ್ಲ ಎಂದು ಅದು ಹೇಳುತ್ತದೆ ಕೂಡ, ಪಾಪ. ಆದರೆ ಅದರ ಭಾಷೆ ನನ್ನ ಚೌಕಕ್ಕೆ ತಿಳಿಯದು. ತಿಳಿಯದ ಉತ್ತರ ಏನೇ ಬಂದರೂ ನೆಟ್‌ವರ್ಕ್ ದೋಷ ಎಂದು ತೋರಿಸುವಂತೆ ಚೌಕವನ್ನು ಬರೆಯಲಾಗಿದೆ. (ಬರೆದದ್ದು ನಾನೇ. ಆದರೆ ಆಗ ತುಂಬ ಅವಸರವಿತ್ತು.) ನನ್ನ ಕಂಪ್ಯೂಟರಿಗೆ ಹೆಬ್ಬಾಗಿಲೇ ಇಲ್ಲ, ಅದಕ್ಕೇ ಅಲ್ಲಿ ಹಸಿರು.

ಓಡಿಹೋಗಿ ‘ನಮ್ದಲ್ಲ’ ಅವರಿಗೆ ಹೇಳಿದೆ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡು, ಆ ಮಿತಿಯನ್ನು ತಾವು ಇಟ್ಟಿದ್ದಲ್ಲ ಎಂದರು. ಯಾರಿಟ್ಟರು? ಯಾರೂ ಇಟ್ಟಿಲ್ಲ, ಸರ್ವರು ಬಂದಾಗಲೇ ಅದರ ಜೊತೆ ಬಂದಿದೆ. ಹಾಗಾದರೆ ತೆಗೆಯಿರಿ. ಯಾರೋ ಇಟ್ಟಿದ್ದರೆ ಅವರ ಅನುಮತಿ ಪಡೆದು ತೆಗೆಯಬಹುದಿತ್ತು, ಯಾರೂ ಇಡದೇ ಇರುವುದನ್ನು ತೆಗೆಯಲು ಯಾರ ಅನುಮತಿ ಕೇಳುವುದು? ಅದಕ್ಕೊಂದು ಬದಲಾವಣಾ ಸಮಿತಿ ಇದೆ. ಸಮಿತಿ ಸೇರುವುದು ಏಪ್ರಿಲ್‌ನಲ್ಲಿ.

ತಿಂಗಳ ಕೊನೆಗೆ ಡ್ರೈವರುಗಳ ಗಡುವು ಮುಗಿಯುತ್ತದೆ ಎಂದೆ. ಅದಕ್ಕವರು ಏನೆಂದರು ಎಂಬುದನ್ನು ಬರೆಯಬೇಕಾಗಿಲ್ಲ.

ಮಾರ್ಚ್ 20, ಗುರುವಾರ

‘ನೋಡೋಣ’ ಅವರಿಗೆ ಎಲ್ಲವನ್ನೂ ಚಿತ್ರ ಬರೆದು ತೋರಿಸಿದೆ. ಅವರು ತುಂಬ ಗಮನವಿಟ್ಟು ಕೇಳಿ, ಚಿತ್ರ ಚೆನ್ನಾಗಿ ಬಂದಿದೆ ಎಂದರು. ಆದರೆ ಸೋಮವಾರ ಬಸ್ ಸಂಸ್ಥೆಯ ನಿರ್ದೇಶಕರು ಬರುತ್ತಾರೆ, ನಮ್ಮ ಗುತ್ತಿಗೆ ಮುಂದುವರಿಯಬೇಕೋ ಬೇಡವೋ ಎಂದು ಅಂದೇ ತೀರ್ಮಾನ. ಇಂಥ ಹೊತ್ತಿನಲ್ಲಿ ನಮ್ಮಲ್ಲೇ ತಪ್ಪಿದೆ ಎನ್ನುವುದು ಹುಣ್ಣನ್ನು ತಾನೇ ಕೆರೆದುಕೊಂಡಂತೆ. ತಿಂಗಳು ಮುಗಿಯುವವರೆಗೆ ಜಾಲತಾಣದಲ್ಲಿ ಯಾರೂ ಏನನ್ನೂ ಮುಟ್ಟಬಾರದು ಎಂದು ಆಜ್ಞೆಯೂ ಆಯಿತು. ಕಾಗುಣಿತದ ತಪ್ಪು ತಿದ್ದುವುದಕ್ಕೆ ಮಾತ್ರ ವಿನಾಯಿತಿ. ಹಿಂದೊಮ್ಮೆ ನಿರ್ದೇಶಕರ ಹೆಸರು ತಪ್ಪಾಗಿ ಅಚ್ಚಾಗಿ ದೊಡ್ಡ ರಾದ್ಧಾಂತವಾಗಿತ್ತು.

ಸಮಸ್ಯೆಗೆ ಪರಿಹಾರವಾಗಿ ತರಬೇತಿ ವಿಡಿಯೊ ಮಾಡುವುದೆಂದು ಸಭೆ ನಿರ್ಧರಿಸಿತು: ‘ಫೈಲು ಅಪ್‌ಲೋಡ್ ಮಾಡುವುದು ಹೇಗೆ.’ ಹಿನ್ನೆಲೆ ಸಂಗೀತ ಇರಬೇಕೋ ಬೇಡವೋ ಎಂಬುದೇ ಅರ್ಧ ದಿನದ ಚರ್ಚೆ. ವಿಡಿಯೊದಲ್ಲಿ ಡ್ರೈವರಾಗಿ ನಟಿಸುತ್ತಿರುವವರು ಲೆಕ್ಕಪತ್ರ ವಿಭಾಗದವರು. ಟೋಪಿ ಹಾಕಿದ್ದಾರೆ. ನಮ್ಮ ಡ್ರೈವರುಗಳು ಟೋಪಿ ಹಾಕುವುದಿಲ್ಲ ಎಂದೆ. ನಿಮಗೆ ಹೇಗೆ ಗೊತ್ತು ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

ಮನೆಯಲ್ಲಿ ಅಕ್ಕ ಏನಾಯಿತೆಂದು ಕೇಳಿದಳು. ಕೆಲಸ ನಡೀತಿದೆ ಎಂದೆ.

ಮಾರ್ಚ್ 24, ಸೋಮವಾರ

ಇಂಥ ದಿನ ಇನ್ನೊಂದು ಬರಲಾರದು.

ನಿರ್ದೇಶಕರು ಬಂದರು, ಹಿಂದೆ ಅವರ ಪರಿವಾರ. ದೊಡ್ಡ ಪರದೆ, ಹೂಗುಚ್ಛ, ಬಿಸ್ಕತ್ತು. ‘ನೋಡೋಣ’ ಎಲ್ಲರ ಎದುರೇ ತರಬೇತಿ ವಿಡಿಯೊವನ್ನು ಜಾಲತಾಣಕ್ಕೆ ಏರಿಸಿ ಉದ್ಘಾಟಿಸುವುದೆಂದು ಯೋಜನೆ. ಏರಿಸಲು ಇರುವುದು ಒಂದೇ ದಾರಿ, ನನ್ನ ಚೌಕ. ಅವರು ಗುಂಡಿ ಒತ್ತಿದರು. ನೀಲಿ ಪಟ್ಟಿ ತುಂಬತೊಡಗಿತು. ನಿರ್ದೇಶಕರು, ಪಟ್ಟಿ ಬಹಳ ಚೆನ್ನಾಗಿದೆ ಎಂದರು. ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಮೂಲೆಯಲ್ಲಿ ನಿಂತಿದ್ದ ಪರೀಕ್ಷಕಿ ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು.

ಕೆಂಪು. ಗೋಡೆಯಷ್ಟು ದೊಡ್ಡ ಅಕ್ಷರದಲ್ಲಿ, ‘ಕ್ಷಮಿಸಿ, ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿಕೊಳ್ಳಿ.’

‘ನೋಡೋಣ’ ಮತ್ತೆರಡು ಸಲ ಗುಂಡಿ ಒತ್ತಿದರು. ಆಮೇಲೆ ನಿರ್ದೇಶಕರೇ, ಈ ಕಟ್ಟಡದಲ್ಲಿ ನೆಟ್‌ವರ್ಕ್ ಹಾಗೇ ಅಲ್ಲವೇ ಎಂದರು. ಎಲ್ಲರಿಗೂ ಹೋದ ಜೀವ ಬಂದಂತಾಯಿತು. ‘ನೋಡೋಣ’ ಕಂಪ್ಯೂಟರನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ಅಲ್ಲೂ ಕೆಂಪು. ಬಾಲ್ಕನಿಗೆ ಹೋದರು, ಪರಿವಾರವೂ ಹಿಂಬಾಲಿಸಿತು. ಕೊನೆಗೆ ‘ನಮ್ದಲ್ಲ’ ಹೂಕುಂಡದ ಕಟ್ಟೆಯ ಮೇಲೆ ಹತ್ತಿ ಕಂಪ್ಯೂಟರನ್ನು ತಲೆಗಿಂತ ಮೇಲೆ ಹಿಡಿದು ನಿಂತರು, ನಿರ್ದೇಶಕರು ಕೆಳಗಿನಿಂದ ಇನ್ನೂ ಸ್ವಲ್ಪ ಬಲಕ್ಕೆ ಎನ್ನುತ್ತಿದ್ದರು. ಸರ್, ಇದು ನೆಟ್‌ವರ್ಕಲ್ಲ ಎಂದು ನಾನು ಹೇಳಿದೆ. ಹೇಳಿದೆನೆಂದೇ ನನ್ನ ನೆನಪು. ಗಾಳಿಗೆ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದವರು ಕೇಳಿಸದಂತೆ ಇದ್ದರು.

ಗುತ್ತಿಗೆ ಮುಂದುವರಿಯಿತು. ಕಟ್ಟಡಕ್ಕೆ ಉತ್ತಮ ನೆಟ್‌ವರ್ಕ್ ಹಾಕಿಸಲು ನಿರ್ದೇಶಕರೇ ಶಿಫಾರಸು ಮಾಡುತ್ತಾರಂತೆ. ಡ್ರೈವರುಗಳ ಗಡುವು ಮುಂದಕ್ಕೆ ಹೋಗುವುದಿಲ್ಲ.

ಮಾರ್ಚ್ 25, ಮಂಗಳವಾರ

ಊಟದ ಹೊತ್ತಿಗೆ ಅಕ್ಕ, ವರ್ಗವಾಗುವವರ ಪಟ್ಟಿ ಸಿದ್ಧವಾಗುತ್ತಿದೆಯಂತೆ, ತನ್ನ ಹೆಸರೂ ಇದೆಯಂತೆ ಎಂದಳು. ಸಮಾಧಾನವಾಗಲಿ ಎಂದು ಅವಳಿಗೆ ಹೆಬ್ಬಾಗಿಲಿನ ವಿಷಯ ಬಿಡಿಸಿ ಹೇಳಿದೆ. ಅವಳು ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕೇಳಿದಳು.

“ಅಂದ್ರೆ ಮುಂದೆ ಸೇತುವೆ ತಗ್ಗಿದೆ. ತಗ್ಗಿದೆ ಅಂತ ಬೋರ್ಡ್ ಹಾಕಿಲ್ಲ. ಬಸ್ಸು ಹೋಗಿ ಗುದ್ದಿದ್ರೆ, ನಿನಗೆ ಓಡ್ಸಕ್ಕೆ ಬರಲ್ಲ ಅಂತೀರ.”

ಹೆಚ್ಚುಕಡಿಮೆ ಹಾಗೇ ಎಂದೆ.

“ಇದು ನಿನಗೆ ಗೊತ್ತಾಗಿದ್ದು ಯಾವಾಗ?”

ಹೋದ ವಾರ ಎಂದೆ. ಸಮಿತಿ, ಗುತ್ತಿಗೆ, ಆಜ್ಞೆ ಎಲ್ಲವನ್ನೂ ಒಂದೊಂದಾಗಿ ವಿವರಿಸಿದೆ. ಅಕ್ಕನಿಗೆ ಸಿಟ್ಟು ಬಂದರೆ ಬೀದಿಯ ಕೊನೆಯವರೆಗೂ ಕೇಳಿಸುತ್ತದೆ, ಅದಕ್ಕೆ ನಾನು ಸಿದ್ಧನಾಗಿದ್ದೆ. ಅವಳು ಕೂಗಲಿಲ್ಲ.

“ಆ ಟ್ಯಾಂಕಿನ ಮೇಲೆ ನಿಂತಾಗ ನನಗೆ ಎಷ್ಟು ಹೆದರಿಕೆ ಆಗಿತ್ತು ಗೊತ್ತೇನೋ?” ಎಂದಷ್ಟೇ ಕೇಳಿ ಕೈ ತೊಳೆಯಲು ಎದ್ದಳು.

ಹೆಂಡತಿ ತಟ್ಟೆಗಳನ್ನು ಎತ್ತಿದಳು. ನನ್ನದನ್ನೂ, ನಾನು ಉಂಡು ಮುಗಿಸುವ ಮೊದಲೇ.

ಸಿಟ್ಟು ಬಂದಾಗ ಬರೆಯಿರಿ ಎಂದಿದ್ದರು. ಬಂದಿದೆ. ಯಾರ ಮೇಲೆಂದು ಬರೆಯಲು ಕೂತರೆ ಹೊಳೆಯುತ್ತಿಲ್ಲ.

ಮಾರ್ಚ್ 26, ಬುಧವಾರ

ಆಫೀಸಿಗೆ ಬೇಗ ಹೋದೆ. ಸೇತುವೆ ಎತ್ತರಿಸುವುದು ನನ್ನ ಕೈಯಲ್ಲಿಲ್ಲ, ಬಸ್ಸಿನ ಎತ್ತರ ತಗ್ಗಿಸುವುದು ಕೈಯಲ್ಲಿದೆ. ಫೋಟೊ ಫೋನಿನಿಂದ ಹೊರಡುವ ಮುನ್ನವೇ, ಅಕ್ಷರ ಓದಲು ಬರುವಷ್ಟು ಉಳಿಸಿಕೊಂಡು, ಉಳಿದ ಭಾರವನ್ನು ಇಳಿಸುವ ಹಾಗೆ ಚೌಕವನ್ನು ಬದಲಿಸಿದೆ. ದೊಡ್ಡ ಕೆಲಸವೇನಲ್ಲ, ಮಧ್ಯಾಹ್ನದೊಳಗೆ ಮುಗಿಯಿತು. ಇಷ್ಟು ದಿನ ಯಾಕೆ ಮಾಡಲಿಲ್ಲ ಎಂದು ಯಾರಾದರೂ ಕೇಳಬಹುದಿತ್ತು, ಸದ್ಯ ಯಾರೂ ಕೇಳಲಿಲ್ಲ. ಕೆಂಪು ಅಕ್ಷರದ ಮಾತನ್ನೂ ಬದಲಿಸಿದೆ: ‘ನಿಮ್ಮ ಫೈಲು ನಮಗೆ ತಲುಪಲಿಲ್ಲ. ತಪ್ಪು ನಮ್ಮದು. ಈ ನಂಬರಿಗೆ ಫೋನ್ ಮಾಡಿ.’ ಯಾವ ನಂಬರು ಹಾಕುವುದೆಂದು ತಿಳಿಯದೆ ನನ್ನದೇ ಹಾಕಿದೆ. ದೂರುಗಳನ್ನು ಯಂತ್ರವೇ ಮುಚ್ಚುವ ಏರ್ಪಾಡನ್ನು ಕಿತ್ತುಹಾಕಿದೆ. ಆ ನೀಲಿ ಪಟ್ಟಿ ಈಗ ಫೈಲು ಎಷ್ಟು ಹೋಗಿದೆಯೋ ಅಷ್ಟೇ ತುಂಬುತ್ತದೆ. ನೋಡಲು ಮೊದಲಿನಷ್ಟು ಚೆನ್ನಾಗಿಲ್ಲ, ನಿಂತು ನಿಂತು ಹೋಗುತ್ತದೆ.

ಹೊರಗೆ ಬಿಡುವುದು ಹೇಗೆ? ಆಜ್ಞೆ ಇದೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಬದಲಾವಣೆಯ ವಿವರ ಎಂಬಲ್ಲಿ ‘ಕಾಗುಣಿತದ ತಿದ್ದುಪಡಿ’ ಎಂದು ಬರೆದೆ.

ಅದು ಮೊದಲು ಪರೀಕ್ಷಕಿಯ ಮುಂದೆ ಹೋಗಬೇಕು. ನಾನು ನನ್ನ ಕುರ್ಚಿಯಿಂದ ನೋಡುತ್ತಲೇ ಇದ್ದೆ. ಅವಳು ಓದಿದಳು, ಮತ್ತೆ ಓದಿದಳು. ಎದ್ದು ನನ್ನ ಬಳಿ ಬಂದು, ಆ ಡ್ರೈವರಮ್ಮನ ಪ್ರಮಾಣಪತ್ರದ ಫೋಟೊ ನಿಮ್ಮ ಹತ್ತಿರ ಇದೆಯಾ ಎಂದು ಕೇಳಿದಳು. ಕೊಟ್ಟೆ. ಮಧ್ಯಾಹ್ನವೆಲ್ಲ ಕೂತು ಅದನ್ನು ಹತ್ತಾರು ಥರದಲ್ಲಿ ಹಾಕಿ ನೋಡಿದಳು. ಹೊರಡುವ ಮುನ್ನ ಒಪ್ಪಿಗೆ ಒತ್ತಿದಳು.

“ಕಾಗುಣಿತ ಚೆನ್ನಾಗಿ ತಿದ್ದಿದೀರ ಸರ್” ಎಂದಳು.

ಮಾರ್ಚ್ 27, ಗುರುವಾರ

ಹೋಯಿತು. ಅಕ್ಕನದು ಹೋಯಿತು. ಮನೆಯಲ್ಲೇ, ಸೋಫಾದ ಮೇಲೆ ಕೂತು. ಹಸಿರು ಬಂದ ಮೇಲೂ ಅಕ್ಕ ನಂಬದೆ ಸುಮಾರು ಹೊತ್ತು ಫೋನನ್ನೇ ನೋಡುತ್ತಿದ್ದಳು. ಹೆಂಡತಿ ಅವಳ ಭುಜ ತಟ್ಟಿ, ಹೋಯ್ತು ಅತ್ತಿಗೆ, ಬಿಡಿ ಎಂದಳು.

ಆಮೇಲೆ ನನ್ನ ಫೋನಿಗೆ ಬಿಡುವಿಲ್ಲ. ಒಬ್ಬರಿಗೆ ಫೋಟೊ ಅಡ್ಡಡ್ಡ ಬರುತ್ತಿದೆ, ಇನ್ನೊಬ್ಬರಿಗೆ ಗುಂಡಿಯೇ ಕಾಣುತ್ತಿಲ್ಲ. ಗುಂಡಿ ನಿಜಕ್ಕೂ ಕಾಣುವುದಿಲ್ಲ, ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಅದು ಪರದೆಯಿಂದಾಚೆ ಹೋಗುತ್ತದೆ. ಇದನ್ನೂ ನಾಳೆ ಕಾಗುಣಿತದಲ್ಲೇ ಸೇರಿಸಬೇಕು.

ಮಾರ್ಚ್ 31, ಸೋಮವಾರ

ಕೊನೆಯ ದಿನ. ನಮ್ಮ ಡ್ರೈವರುಗಳೆಲ್ಲರದ್ದೂ ಹೆಚ್ಚುಕಡಿಮೆ ಸೇರಿತು. ಅಕ್ಕನದನ್ನು ವೈದ್ಯಾಧಿಕಾರಿಗಳು ಒಪ್ಪಿದ್ದಾರೆ.

ಆಫೀಸಿನಲ್ಲಿ ಕೇಕು ಕತ್ತರಿಸಿದರು. ಅಪ್‌ಲೋಡುಗಳು ಒಮ್ಮೆಲೇ ಏರಿದ್ದು ತರಬೇತಿ ವಿಡಿಯೊದ ಫಲವಂತೆ. ಆ ವಿಡಿಯೊ ಇನ್ನೂ ಜಾಲತಾಣಕ್ಕೆ ಏರಿಯೇ ಇಲ್ಲ, ಅದನ್ನು ನೋಡಿದವರು ನಾವೇ. ನಟಿಸಿದ ಲೆಕ್ಕಪತ್ರದವರಿಗೆ ಟೋಪಿ ಸಮೇತ ಫೋಟೊ ತೆಗೆಸಿ ಗಾಜಿನ ಫಲಕ ಕೊಟ್ಟರು.

ನಂತರ ‘ನೋಡೋಣ’ ನನ್ನನ್ನು ಒಳಗೆ ಕರೆದು, ಬಸ್ ಸಂಸ್ಥೆಗೆ ಕಳಿಸುವ ವರದಿ ಮುಂದಿಟ್ಟರು. ಸಮಸ್ಯೆಯ ಕಾರಣ: ಬಳಕೆದಾರರ ಅಜ್ಞಾನ. ಪರಿಹಾರ: ತರಬೇತಿ. ಕೆಳಗೆ ನಾನು ಸಹಿ ಹಾಕಬೇಕು, ಚೌಕ ನನ್ನದಾದ್ದರಿಂದ. ಮುಖ್ಯ ಅಭಿಯಂತರರ ಹುದ್ದೆ ಖಾಲಿಯಿದೆ ಎಂಬುದನ್ನೂ ಬೇರೆ ಯಾವುದೋ ಮಾತಿನ ನಡುವೆ ತಿಳಿಸಿದರು. ಆ ಹುದ್ದೆಯ ಮೇಲೆ ನನಗೆ ಎಷ್ಟು ವರ್ಷದಿಂದ ಕಣ್ಣಿದೆ ಎಂದು ಅವರಿಗೆ ಗೊತ್ತು.

ಪೆನ್ನು ಹಿಡಿದೆ. ಆ ‘ಬಳಕೆದಾರರು’ ಎಂಬ ಪದ ಓದುವಾಗ ನನಗೆ ಡಿಪೋದಲ್ಲಿ ನಿಂತಿದ್ದವರ ಆ ಸಾಲು, ಅಲ್ಲಿ ಕೊಟ್ಟ ಟೀ ಕಣ್ಣಿಗೆ ಕಟ್ಟಿತು. ಸರ್, ಇದರಲ್ಲಿ ಕಾಗುಣಿತದ ತಪ್ಪಿದೆ ಎಂದೆ. ಎಲ್ಲಿ ಎಂದರು. ಕಾರಣದ ಸಾಲನ್ನು ಹೊಡೆದುಹಾಕಿ, ಹೆಬ್ಬಾಗಿಲಿನ ವಿಷಯ, ನನ್ನ ಚೌಕದ ವಿಷಯ, ಆಜ್ಞೆ ಮೀರಿದ್ದು ನಾನೆಂಬ ವಿಷಯ ಬರೆದು ಸಹಿ ಹಾಕಿದೆ. ಪರೀಕ್ಷಕಿಯ ಹೆಸರು ಎಲ್ಲೂ ಬರೆಯಲಿಲ್ಲ.

ಅವರು ಅದನ್ನು ಬಹಳ ಹೊತ್ತು ನೋಡಿದರು. ನೋಡೋಣ ಎನ್ನಲಿಲ್ಲ.

ಏಪ್ರಿಲ್ 4, ಶುಕ್ರವಾರ

ಕೆಲಸ ಹೋಗಲಿಲ್ಲ.

ಹೋಗಿದ್ದರೆ ಯಾಕೆ ಹೋಯಿತೆಂದು ಯಾರಾದರೂ ಕೇಳುತ್ತಿದ್ದರು, ಅದಕ್ಕೆ ಉಳಿಸಿದ್ದಾರೆ. ಚೌಕವನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಸಹಾಯವಾಣಿಗೆ ಹಾಕಿದ್ದಾರೆ. ಕೆಳಮಹಡಿ, ಕಿಟಕಿಯಿಲ್ಲ, ದಿನವಿಡೀ ಫೋನು. ಇದು ಶಿಕ್ಷೆ ಎಂದು ಎಲ್ಲರೂ ಅನುಕಂಪದಿಂದ ನೋಡುತ್ತಿದ್ದಾರೆ. ನನಗೂ ಬೇಸರವಾಗಬೇಕಿತ್ತು. ಬರೆಯಲು ಪುರುಸೊತ್ತಿಲ್ಲ, ಡಿಪೋದ ಮೆಕ್ಯಾನಿಕ್ಕು ಸಂಜೆ ಫೋನ್ ಮಾಡುತ್ತೇನೆ ಎಂದಿದ್ದಾರೆ. ಅವರ ಆ ಪುರಾತನ ಫೋನಿನಲ್ಲೂ ಸ್ಪಷ್ಟವಾಗಿ ಫೋಟೊ ತೆಗೆಯಲು ನನಗೊಂದು ದಾರಿ ಹೊಳೆದಿದೆ.

ಏಪ್ರಿಲ್ 9, ಬುಧವಾರ

ಇವತ್ತು ಅಕ್ಕ ಮತ್ತೆ ಬಸ್ಸು ಹತ್ತಿದಳು. ನಿನ್ನೆಯೇ ಗಂಟುಮೂಟೆ ಕಟ್ಟಿ ತನ್ನ ಮನೆಗೆ ಹೋಗಿದ್ದಳು. ಓದುವ ಕೋಣೆ ನನಗೆ ಸಿಕ್ಕಿತು, ಆದರೂ ಊಟದ ಮೇಜಿನ ಮೂಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಆ ಕೋಣೆ ಸದ್ದಿಲ್ಲದೆ ಬಿಕೋ ಎನ್ನುತ್ತದೆ.

ಬೆಳಗ್ಗೆ ನಾನೂ ಹೆಂಡತಿಯೂ ಸ್ಟಾಪಿನಲ್ಲಿ ನಿಂತಿದ್ದೆವು. ಬಸ್ಸು ತುಂಬಿ ತುಳುಕುತ್ತಿತ್ತು. ಅಕ್ಕ ನಮ್ಮನ್ನು ನೋಡಿದಳೋ ಇಲ್ಲವೋ, ಮುಖ ಮಾತ್ರ ನೇರ ರಸ್ತೆಯ ಕಡೆಗಿತ್ತು. ಹೇಗೋ ನುಗ್ಗಿ ಹತ್ತಿ ಮಧ್ಯದಲ್ಲಿ ಕಂಬ ಹಿಡಿದು ನಿಂತೆವು. ಅಲ್ಲಿಂದ ಅವಳ ತೋಳು ಕಾಣುತ್ತಿತ್ತು. ಆ ದೊಡ್ಡ ಸ್ಟಿಯರಿಂಗು ತಿರುಗುವಾಗ ಇಡೀ ಬಸ್ಸು ಅವಳ ಕೈಯ ಜೊತೆ ತಿರುಗುತ್ತಿತ್ತು. ಇಷ್ಟು ವರ್ಷದಲ್ಲಿ ಅಕ್ಕ ಓಡಿಸುವ ಬಸ್ಸಿನಲ್ಲಿ ನಾನು ಹತ್ತಿದ್ದೇ ಇಲ್ಲವೆಂದು ಹೆಂಡತಿ ನೆನಪಿಸಿದಳು.

ಮಾರುಕಟ್ಟೆಯ ತಿರುವಿನಲ್ಲಿ ಅಕ್ಕ ಬಸ್ಸನ್ನು ನಿಧಾನಿಸಿದಳು. ತಳ್ಳುಗಾಡಿಯೊಂದು ದಾಟುತ್ತಿತ್ತು. ನನ್ನ ಪಕ್ಕದಲ್ಲಿದ್ದವರೊಬ್ಬರು ಗಡಿಯಾರ ನೋಡಿಕೊಂಡು, ಯಾರೋ ಹೊಸ ಡ್ರೈವರಿರಬೇಕು, ಕಣ್ಣು ಸರಿಯಾಗಿ ಕಾಣುತ್ತೋ ಇಲ್ಲವೋ ಎಂದು ಗೊಣಗಿದರು.

“ನಮ್ಮಕ್ಕ ರೀ ಅದು” ಎಂದೆ.

ಸ್ವಲ್ಪ ಗಟ್ಟಿಯಾಗಿಯೇ ಬಂತು. ಇಡೀ ಬಸ್ಸು ನನ್ನ ಕಡೆ ತಿರುಗಿತು. ಹೆಂಡತಿ ತೋಳು ಜಗ್ಗಿದಳು. ಮುಂದಿನಿಂದ ಅಕ್ಕನ ದನಿ ಬಂತು, ತಲೆ ತಿರುಗಿಸದೆ, ಎಂಜಿನ್ನಿನ ಸದ್ದಿಗಿಂತ ಮೇಲೆ:

“ಮಧ್ಯ ನಿಂತಿರೋರು ಹಿಂದೆ ಸರೀರಿ, ಹಿಂದೆ ಜಾಗ ಇದೆ.”

ಸರಿದೆ.